ಕಾಫಿ ಡಬ್ಬಿಗೆ ಬಂದ ಉತ್ತರ

ಈಗ ಬರೆಯಲಿರುವುದರಲ್ಲಿ ನಡೆದದ್ದೆಷ್ಟು, ಆಮೇಲೆ ನನ್ನ ತಲೆ ಕೂಡಿಸಿಕೊಂಡದ್ದೆಷ್ಟು ಎಂದು ನನಗೇ ಖಚಿತವಿಲ್ಲ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಕಂಪ್ಯೂಟರ್ ಕಡೆ ಹೊರಳಿದವನು ನಾನು. ಯಾರಾದರೂ ಇಂಥ ಅನುಭವ ಹೇಳಿಕೊಂಡರೆ, ಆಗ ಗಂಟೆ ಎಷ್ಟು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಏನು ತಿಂದಿದ್ದಿರಿ ಎಂದು ಕೇಳಿ ಅವರ ಮುಖ ಸಣ್ಣದು ಮಾಡುತ್ತಿದ್ದೆ. ಅದೇ ಪ್ರಶ್ನೆಗಳನ್ನು ನನಗೆ ನಾನೇ ಕೇಳಿಕೊಂಡು ವರ್ಷಗಳಾದವು. ಗಂಟೆ ನಾಲ್ಕು. ಗಾಳಿ ಇರಲಿಲ್ಲ. ತಿಂದದ್ದು ಚಿತ್ರಾನ್ನ.

ವೈ-ಟು-ಕೆ ಗದ್ದಲವೆಲ್ಲ ಮುಗಿದ ವರ್ಷ ಅದು. ಅಮೆರಿಕದ ನ್ಯೂಜೆರ್ಸಿಯ ಪ್ಲೇನ್ಸ್‌ಬರೋ ಊರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಾನು ಮತ್ತು ಮೈಸೂರಿನ ಸತೀಶ ಇದ್ದೆವು. ಎದುರಿನ ಬಿಲ್ಡಿಂಗಿನಲ್ಲಿ ಗದಗ ಕಡೆಯ ಗಿರೀಶ. ಹಳೆಯ ಪ್ರೋಗ್ರಾಮುಗಳಲ್ಲಿ ಎರಡಂಕಿಯ ಇಸವಿಯನ್ನು ನಾಲ್ಕಂಕಿ ಮಾಡುವುದು ಅವನ ಕೆಲಸವಾಗಿತ್ತು. ನಮಗೆ ಮೂಸ್ ಬೇಟೆಯ ಹುಚ್ಚು ಹತ್ತಿಸಿದವನೂ ಅವನೇ. ಮೂಸ್ ಎಂದರೆ ನಮ್ಮ ಕಡವೆಯ ದೊಡ್ಡಣ್ಣ, ಕುದುರೆಗಿಂತ ಎತ್ತರ. ನ್ಯೂಜೆರ್ಸಿಯಲ್ಲಿ ಅದು ಇಲ್ಲ. ಉತ್ತರಕ್ಕೆ ಮೇನ್ ರಾಜ್ಯದ ಕಾಡಿಗೆ ಹೋಗಬೇಕು. ಅಲ್ಲಿ ಪರ್ಮಿಟ್ಟಿಗೆ ಚೀಟಿ ಎತ್ತುತ್ತಾರೆ. ಮೂವರೂ ಅರ್ಜಿ ಹಾಕಿದ್ದೆವು, ಜೂನ್‌ನಲ್ಲಿ ನನ್ನ ಹೆಸರು ಬಂತು. ಪರ್ಮಿಟ್ ಪಡೆದವನು ತನ್ನ ಜೊತೆಗೆ ಇನ್ನೊಬ್ಬ ಬಂದೂಕುಗಾರನ ಹೆಸರು ಕೊಡಬಹುದು. ಗಿರೀಶನ ಹೆಸರು ಕೊಟ್ಟೆ. ಅದರಲ್ಲಿ ಯೋಚಿಸುವಂಥದ್ದೇನೂ ಇರಲಿಲ್ಲ. ಬಂದೂಕು ಹಿಡಿಯುವ ಕೋರ್ಸಿಗೆ ನಮ್ಮನ್ನು ಎಳೆದುಕೊಂಡು ಹೋದವನು ಅವನು, ಶನಿವಾರ ಬೆಳಗ್ಗೆ ಎಬ್ಬಿಸಿ ಗುರಿ ಅಭ್ಯಾಸದ ರೇಂಜಿಗೆ ಡ್ರೈವ್ ಮಾಡಿದವನು ಅವನು.

ಮೊದಲ ಸಲ ಹೋಗುವವರು ಕಾಡು ಬಲ್ಲ ಗೈಡ್ ಇಟ್ಟುಕೊಳ್ಳುತ್ತಾರೆ. ಗಿರೀಶ ಒಪ್ಪಲಿಲ್ಲ. ಗೈಡ್ ಕರೆದುಕೊಂಡು ಹೋಗುವುದೆಂದರೆ ಪುರೋಹಿತನಿಗೆ ದಕ್ಷಿಣೆ ಕೊಟ್ಟು ನಮ್ಮ ಪೂಜೆಯನ್ನು ನಾವೇ ನಿಂತು ನೋಡಿದ ಹಾಗೆ ಎಂದ. ಇನ್ನೊಂದು ಸಂಜೆ ಚಹಾ ಕುಡಿಯುತ್ತ ಅವನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: “ಅಮೆರಿಕಾಕ್ಕ ಹೋಗಿ ಏನ್ ಮಾಡಿ ಬಂದಿಯೋ ಅಂತ ನಾಳೆ ಯಾರರ ಕೇಳಿದ್ರ, ಇಸವಿಗೆ ಎರಡಂಕಿ ಸೇರಿಸಿ ಬಂದೆ ಅನ್ಲೇನು?”

ನಾವು ಬೇಟೆಯನ್ನೂ ನಮಗೆ ತಿಳಿದ ರೀತಿಯಲ್ಲೇ ಯೋಜಿಸಿದೆವು. ಆಫೀಸಿನ ಸಾಫ್ಟ್‌ವೇರಿನಲ್ಲಿ ಪ್ರಾಜೆಕ್ಟ್ ಪ್ಲಾನ್ ಮಾಡಿದೆವು. ಪ್ರತಿ ಕೆಲಸಕ್ಕೂ ಒಂದು ಸಾಲು, ಒಂದು ತಾರೀಖು, ಒಬ್ಬರ ಹೆಸರು. ನಕ್ಷೆ, ಹಗ್ಗ, ಟಾರ್ಪಾಲು, ಐಸ್ ಪೆಟ್ಟಿಗೆ ಎಲ್ಲ ಬಂತು. ಮೂರನೆಯ ಮೀಟಿಂಗಿನಲ್ಲಿ ಗಿರೀಶ ಪ್ರಿಂಟ್‌ಔಟ್ ಕೆಳಗಿಟ್ಟು ನಗತೊಡಗಿದ. ಗುಂಡು ಹೊಡೆಯುವ ಸಾಲಿನಿಂದ ನಾವು ನೇರವಾಗಿ ಮಾಂಸವನ್ನು ಐಸಿನಲ್ಲಿಡುವ ಸಾಲಿಗೆ ಹೋಗಿದ್ದೆವು. ನಡುವೆ ಐನೂರು ಕಿಲೋ ಪ್ರಾಣಿಯನ್ನು ಕೊಯ್ಯಬೇಕು ಎನ್ನುವುದು ಯಾರಿಗೂ ಹೊಳೆದಿರಲಿಲ್ಲ. ಮೂವರೂ ಸಸ್ಯಾಹಾರದ ಮನೆಗಳಿಂದ ಬಂದವರು. ಈ ದೇಶದಲ್ಲಿ ಮಾಂಸ ತಿನ್ನಲು ಕಲಿತಿದ್ದೆವು, ಅಷ್ಟೆ.

“ಬದನೀಕಾಯಿ ಬಿಟ್ಟು ಬ್ಯಾರೆ ಏನರ ಕೊಯ್ದೀರೇನಲೇ ನೀವು?” ಎಂದ ಗಿರೀಶ. ಸತೀಶ, “ನಾನು ಕುಂಬಳಕಾಯೀನೂ ಕುಯ್ದಿದ್ದೀನಪ್ಪ, ಆಯುಧಪೂಜೆಗೆ,” ಎಂದ. ಬಹಳ ಹೊತ್ತು ನಕ್ಕೆವು. ಕೊನೆಗೆ ‘ಮೊದಲ ಕೊಯ್ತ’ ಎಂದು ಹೊಸ ಸಾಲು ಸೇರಿಸಿ ಅದರ ಮುಂದೆ ಗಿರೀಶ ತನ್ನದೇ ಹೆಸರು ಹಾಕಿಸಿದ.

ಮೂಸ್ ಕರೆಯುವ ಕೆಲಸವೂ ಅವನದೇ. ದೊಡ್ಡ ಕಾಫಿ ಡಬ್ಬಿಯ ತಳಕ್ಕೆ ತೂತು ಕೊರೆದು, ಅದರಲ್ಲಿ ಬೂಟಿನ ಲೇಸ್ ಇಳಿಬಿಟ್ಟು, ಅದನ್ನು ಒದ್ದೆ ಮಾಡಿ ಬೆರಳುಗಳಿಂದ ಜಗ್ಗಿದರೆ ಹೆಣ್ಣು ಮೂಸ್ ನರಳುವಂಥ ಶಬ್ದ ಬರುತ್ತದೆ. ಗಂಡು ಅದನ್ನು ಕೇಳಿ ಬರಬೇಕು. ಗಿರೀಶ ಲೇಸಿನ ನಡುವೆ ಒಂದು ಗಂಟು ಹಾಕಿದ್ದ. ಬೆರಳು ಗಂಟಿಗೆ ಬಂದಾಗ ನರಳಿಕೆ ತುಸು ನಿಂತು, ಉಗುಳು ನುಂಗಿದಂತಾಗಿ, ಮತ್ತೆ ಮುಂದುವರಿಯುತ್ತಿತ್ತು. ಇಡೀ ಕಾಂಪ್ಲೆಕ್ಸಿಗೆ ಆ ಕೂಗು ಗೊತ್ತಿತ್ತು. ಕೆಳಗಿನ ಮನೆಯ ಆಂಟಿ ಒಮ್ಮೆ ಬಂದು, ಯಾರಿಗಾದರೂ ಹೊಟ್ಟೆನೋವೇ ಎಂದು ವಿಚಾರಿಸಿದ್ದರು.

ಜುಲೈನಲ್ಲಿ ಗಿರೀಶನ ಪ್ರಾಜೆಕ್ಟ್ ಮುಗಿಯಿತು. ಮುಂದಿನ ಪ್ರಾಜೆಕ್ಟ್ ಸಿಗುವ ತನಕ ಕೆಲಸವಿಲ್ಲದೆ ‘ಬೆಂಚ್’ ಮೇಲೆ ಕೂತ. ಆಗಸ್ಟ್ ಕೊನೆಗೆ ಕಂಪನಿ ಅವನನ್ನು ಕೈಬಿಟ್ಟಿತು. ಕೆಲಸ ಹೋದರೆ ವೀಸಾ ಸ್ಟೇಟಸ್, ಅಂದರೆ ಈ ದೇಶದಲ್ಲಿರುವ ಅನುಮತಿ, ಹೋಗುತ್ತದೆ, ಸ್ಟೇಟಸ್ ಇಲ್ಲದವನು ಬಂದೂಕು ಮುಟ್ಟುವ ಹಾಗಿಲ್ಲ. ಇದು ನಿಜವಾದ ಕಾನೂನು. ಆದರೆ ಅವನು ಇನ್ನೊಂದು ಕಂಪನಿಯ ಮಾತುಕತೆಯಲ್ಲಿದ್ದ, ಎರಡು ವಾರ ಕಾಯಿ ಎಂದಿದ್ದ. ನಾನು ಕಾಯಲಿಲ್ಲ. ನನ್ನ ಆಫೀಸಿನ ಡೇವ್ ಎಂಬವನ ಬಳಿ ಪಿಕಪ್ ಟ್ರಕ್ಕಿತ್ತು, ಭಾರ ಎಳೆಯುವ ವಿಂಚ್ ಇತ್ತು. ಗಿರೀಶನ ಹೆಸರು ತೆಗೆದು ಡೇವ್‌ನ ಹೆಸರು ಸೇರಿಸುವ ಫಾರ್ಮ್ ತುಂಬಿ ಪೋಸ್ಟ್ ಮಾಡಿದೆ. ಆಮೇಲೆ ಗಿರೀಶನಿಗೆ ಹೇಳಿದೆ.

ಹೇಳಿದ್ದು ಕಾಂಪ್ಲೆಕ್ಸಿನ ಲಾಂಡ್ರಿ ರೂಮಿನಲ್ಲಿ. ಅವನು ಬಟ್ಟೆ ಮಡಚುತ್ತಿದ್ದ. ನಾನು ಕಾನೂನು ವಿವರಿಸುವುದನ್ನು ಪೂರ್ತಿ ಕೇಳಿಸಿಕೊಂಡ. “ಸ್ಟೇಟಸ್ ಮಾತು ಬಿಡಲೇ,” ಎಂದ. “ಟ್ರಕ್ ಬೇಕಾಗಿತ್ತು ನಿನಗ. ಅಷ್ಟ ಹೇಳಿಬಿಡು, ನಾ ಬೇಜಾರ್ ಮಾಡ್ಕೊಳ್ಳೂದಿಲ್ಲ.”

ನಾನು ಹೇಳಲಿಲ್ಲ. ಮತ್ತೆ ಕಾನೂನನ್ನೇ ಹೇಳಿದೆ. ಮರುದಿನ ನಮ್ಮ ಬಾಗಿಲ ಹಿಡಿಗೆ ಡಬ್ಬಿ ತೂಗುತ್ತಿತ್ತು. ಲೇಸಿನ ಗಂಟನ್ನು ಬಿಚ್ಚಿದ್ದ. ಆಮೇಲೆ ಅವನನ್ನು ಕಂಡರೆ ನಾನು ಪಾರ್ಕಿಂಗಿನ ಇನ್ನೊಂದು ಬದಿಯಿಂದ ಹೋಗುತ್ತಿದ್ದೆ. ಟಿಕೆಟ್ ತೆಗೆಸಿದ್ದಾನೆ ಎಂದು ಯಾರೋ ಹೇಳಿದರು. ಯಾವ ದಿನ ಎಂದು ನಾನು ಕೇಳಲಿಲ್ಲ.

ಸೆಪ್ಟೆಂಬರಿನ ಒಂದು ಭಾನುವಾರಕ್ಕೆ ಪ್ಲಾನಿನಲ್ಲಿ ‘ಕರೆಯುವ ಅಭ್ಯಾಸ’ ಎಂದಿತ್ತು. ಸತೀಶ ಊಟದ ಮೇಜಿನ ಮೇಲೆ ಹೊಸ ಪ್ರಿಂಟ್‌ಔಟ್ ಹರಡಿಕೊಂಡು ಕೂತಿದ್ದ. ಎಲ್ಲ ಕಡೆ ಗಿರೀಶನ ಹೆಸರು ತೆಗೆದಿದ್ದೇನೆಂದು ನಾನು ತಿಳಿದಿದ್ದೆ. ಮೊದಲ ಕೊಯ್ತದ ಸಾಲಿನಲ್ಲಿ ಇನ್ನೂ ಹಾಗೇ ಇದೆ ಎಂದು ಸತೀಶ ಬೆರಳಿಟ್ಟು ತೋರಿಸಿದ. ಆಮೇಲೆ ಸರಿಮಾಡೋಣ ಎಂದು ನಾನು ಡಬ್ಬಿ ಹಿಡಿದು ಬಾಲ್ಕನಿಗೆ ಹೋದೆ. ಲೇಸ್ ಒದ್ದೆ ಮಾಡಿ ಜಗ್ಗಿದೆ. ಎಣ್ಣೆ ಕಾಣದ ಬಾಗಿಲಿನ ಶಬ್ದ ಬಂತು. ಇನ್ನೊಮ್ಮೆ ಜಗ್ಗಿದೆ.

ಪಾರ್ಕಿಂಗಿನ ಆಚೆ ಒಂದಿಷ್ಟು ಮರಗಳ ಸಾಲು, ಅದರಾಚೆ ಕಾಲುವೆ. ಆ ಮರಗಳ ಕಡೆಯಿಂದ ಉತ್ತರ ಬಂತು. ಉದ್ದನೆಯ ನರಳಿಕೆ. ನಡುವೆ ತುಸು ನಿಂತಿತು, ನುಂಗಿದ ಹಾಗಾಯಿತು, ಮತ್ತೆ ಮುಂದುವರಿಯಿತು.

ನನಗೆ ಭಯವಾಗಲಿಲ್ಲ, ಸಿಟ್ಟು ಬಂತು. ಗಿರೀಶ ಮರದ ಹಿಂದೆ ನಿಂತು ಅಣಕಿಸುತ್ತಿದ್ದಾನೆ ಎಂದುಕೊಂಡೆ. ಡಬ್ಬಿ ಹಿಡಿದೇ ಕೆಳಗಿಳಿದು ಹೋದೆ. ಮರಗಳ ಕೆಳಗೆ ಯಾರೂ ಇರಲಿಲ್ಲ. ಹೋದ ವಾರದ ಮಳೆಗೆ ನೆಲ ಇನ್ನೂ ಮೆತ್ತಗಿತ್ತು, ನನ್ನ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆಯಿಲ್ಲ. ಎರಡನೆಯ ಸಲ ಕೂಗು ಕಾಲುವೆಯ ಕಡೆಯಿಂದ ಕೇಳಿತು. ಮೂರನೆಯ ಸಲ ನನ್ನ ಹಿಂದೆ ಕೇಳಿತು, ನಮ್ಮ ಬಿಲ್ಡಿಂಗಿನ ಕಡೆಯಿಂದ, ಬಹಳ ಹತ್ತಿರ. ಕೈಯಲ್ಲಿದ್ದ ತಗಡು ಅದಕ್ಕೆ ನಡುಗಿದ್ದು ಬೆರಳಿಗೆ ತಿಳಿಯಿತು. ತಿರುಗಿದರೆ ಬಿಸಿಲು ಬಿದ್ದ ಕಾರುಗಳು, ಅಷ್ಟೆ.

ಮೇಲೆ ಬಂದಾಗ ಸತೀಶ ತಲೆಯೆತ್ತಿ, “ಬಂದಿದ್ನೇನೋ ಗಿರೀಶ?” ಎಂದು ಕೇಳಿದ. ಕೇಳಿದ ಎಂದು ನನ್ನ ನೆನಪು. ಈಗ ಸತೀಶ ತಾನು ಹಾಗೆ ಕೇಳಲೇ ಇಲ್ಲ ಎನ್ನುತ್ತಾನೆ. ಅಂದು ತಾನು ಪ್ರಿಂಟ್‌ಔಟ್ ನೋಡುತ್ತ ನಿದ್ದೆ ಹೋಗಿದ್ದಿರಬೇಕು ಎನ್ನುತ್ತಾನೆ. ಅವನ ಮಾತೇ ಸರಿಯಿರಬಹುದು.

ಅಕ್ಟೋಬರಿನಲ್ಲಿ ನಾವು ಮೇನ್‌ಗೆ ಹೋದೆವು. ಆರು ದಿನ ಕರೆದೆವು, ಯಾವುದೂ ಬರಲಿಲ್ಲ. ಮೂಸ್‌ಗಳಿರುವ ಕಾಡಿನಲ್ಲಿ ನನ್ನ ಡಬ್ಬಿಗೆ ಒಂದೇ ಒಂದು ಉತ್ತರ ಸಿಗಲಿಲ್ಲ. ಡೇವ್‌ನ ವಿಂಚಿನ ಹಗ್ಗ ಸುತ್ತಿದ್ದು ಸುತ್ತಿದ ಹಾಗೇ ವಾಪಸಾಯಿತು.

ಮುಂದಿನದನ್ನು ಹೇಳಲು ನಾಚಿಕೆ. ಗಿರೀಶ ಮರದ ಹಿಂದೆ ಅಡಗಿ ನನ್ನನ್ನು ಹೆದರಿಸಿದ ಎಂಬ ಕಥೆಯನ್ನು ನಾನು ವರ್ಷಗಟ್ಟಲೆ ಪಾರ್ಟಿಗಳಲ್ಲಿ ಹೇಳಿದೆ. ಕೆಲಸ ಕಳೆದುಕೊಂಡವನ ಹೊಟ್ಟೆಕಿಚ್ಚು ಎಂದೆ. ಜನ ನಗುತ್ತಿದ್ದರು. ಆ ಕಥೆಯಿಂದ ನನಗೆ ಉಪಕಾರವಾಗಿತ್ತು. ಅಣಕಿಸಿದವನಿಗೆ ಫೋನ್ ಮಾಡಬೇಕಾಗಿಲ್ಲ, ಕ್ಷಮೆ ಕೇಳಬೇಕಾಗಿಲ್ಲ.

ಗಿರೀಶ ಏಳು ವರ್ಷದ ನಂತರ ಬೇರೆ ಕಂಪನಿಯಿಂದ ಮತ್ತೆ ಬಂದ. ಹತ್ತಿರದ ಊರು ಕೆಂಡಲ್ ಪಾರ್ಕ್‌ನಲ್ಲಿ ಮನೆ ಕೊಂಡು ಗೃಹಪ್ರವೇಶಕ್ಕೆ ನಮ್ಮನ್ನೂ ಕರೆದ. ಊಟದ ಹೊತ್ತಿಗೆ ಯಾರೋ, ಆ ಮೂಸ್ ಕಥೆ ಹೇಳಿ ಎಂದರು. ಅವನ ಮನೆಯಲ್ಲಿ, ಅವನ ಹೆಂಡತಿಯ ಮುಂದೆ, ನಾನು ಹೇಳಿದೆ. ಗಿರೀಶ ಹೋಳಿಗೆಯ ತಟ್ಟೆ ಕೆಳಗಿಟ್ಟು ಮೇಲಿನ ಕೋಣೆಗೆ ಹೋದ. ಇಮಿಗ್ರೇಶನ್‌ನವರು ಯಾವಾಗ ಏನು ಕೇಳುತ್ತಾರೋ ಎಂದು ನಾವು ಯಾರೂ ಹಳೆಯ ಪಾಸ್‌ಪೋರ್ಟ್ ಬಿಸಾಡುವುದಿಲ್ಲ. ರದ್ದಾಗಿ ಮೂಲೆ ಕತ್ತರಿಸಿದ ತನ್ನ ಹಳೆಯ ಪಾಸ್‌ಪೋರ್ಟ್ ತಂದು ಒಂದು ಪುಟ ತೆರೆದು ನನ್ನ ಕೈಗಿಟ್ಟ.

“ನಾ ಅಲ್ಲಲೇ ಅದು,” ಎಂದ. “ತಾರೀಖು ನೀನ ನೋಡು.”

ತಾರೀಖನ್ನು ಕೈಯೊರೆಸುವ ಕಾಗದದ ಮೇಲೆ ಬರೆದುಕೊಂಡು ಮನೆಗೆ ಬಂದೆ. ಪರ್ಮಿಟ್ಟಿನ ಹಳೆಯ ಫೈಲಿನಲ್ಲಿ ಆ ಪ್ರಿಂಟ್‌ಔಟ್ ಇನ್ನೂ ಇತ್ತು. ಮೊದಲ ಕೊಯ್ತದ ಮುಂದೆ ಗಿರೀಶನ ಹೆಸರೂ ಇತ್ತು, ನಾವು ಸರಿಮಾಡಿರಲೇ ಇಲ್ಲ. ಆ ಕೂಗಿನ ವಿವರಣೆ ನನ್ನ ಬಳಿ ಈಗಲೂ ಇಲ್ಲ. ಕೇಳಿದ್ದು ನಿಜವೇ ಎಂದು ಕೇಳಿದರೆ ಅದಕ್ಕೂ ಪ್ರಮಾಣ ಮಾಡಲಾರೆ. ತಾಳೆ ನೋಡಿ ಖಚಿತಪಡಿಸಿಕೊಂಡದ್ದು ಒಂದನ್ನು ಮಾತ್ರ: ಕರೆಯುವ ಅಭ್ಯಾಸದ ದಿನ ಭಾನುವಾರ, ಗಿರೀಶ ಮುಂಬಯಿಯಲ್ಲಿ ಇಳಿದ ಮೊಹರು ಅದರ ಹಿಂದಿನ ಶುಕ್ರವಾರದ್ದು.