ವಸಂತಕ್ಕನ ನಂಬರ್

ವಸಂತಕ್ಕನ ಮೊಬೈಲ್ ನಂಬರನ್ನು ಅವರಿಂದ ಕಿತ್ತು ಬೇರೆಯವರಿಗೆ ಕೊಟ್ಟವಳು ನಾನು. ಆ ನಂಬರ್ ಅವರಿಗೆ ಎಷ್ಟು ಮುಖ್ಯ ಎಂದು ಗೊತ್ತಿದ್ದೂ ಕೊಟ್ಟೆ. ಆಮೇಲೆ ಸುಳ್ಳು ಹೇಳಿದೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ — ಅದಕ್ಕೂ ಬರುತ್ತೇನೆ.

ನಾನು ಕೆಲಸ ಮಾಡಿದ ಮೊಬೈಲ್ ಕಂಪನಿ ಈಗ ಇಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಜಯನಗರದ ಷೋರೂಮಿಗೆ ಸೇರಿದಾಗ ಅಲ್ಲಿಗೆ ಬರುತ್ತಿದ್ದವರು ಡಾಕ್ಟರುಗಳು, ಕಂಟ್ರಾಕ್ಟರುಗಳು. ಬಂದ ಕರೆಗೂ ದುಡ್ಡು ಕೊಡಬೇಕಿದ್ದ ಕಾಲ ಅದು. ಫೋನ್ ಬಂದರೆ ಕಟ್ ಮಾಡಿ, ಪಕ್ಕದ ಬೂತಿನಿಂದ ವಾಪಸ್ ಮಾಡುತ್ತಿದ್ದರು. ಬನ್ನೇರುಘಟ್ಟ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಸಿಗ್ನಲ್ಲೇ ಇಲ್ಲ. ಆಮೇಲೆ ಪ್ರೀಪೇಯ್ಡ್ ಬಂತು, ಒಳಬರುವ ಕರೆ ಉಚಿತವಾಯಿತು. ನಮ್ಮ ಗಾಜಿನ ಬಾಗಿಲು ತಳ್ಳಿಕೊಂಡು ವಸಂತಕ್ಕನಂಥವರೂ ಬರತೊಡಗಿದರು.

ತಿಲಕ್ ನಗರದಲ್ಲಿ ಅವರು ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದರು. ನನ್ನ ಬ್ಲೌಸುಗಳೂ ಅಲ್ಲೇ. ಆ ಸಲುಗೆಯಿಂದ ಕೊನೆಯಲ್ಲಿ ಒಂದೇ ಅಂಕಿ ಸಾಲಾಗಿ ಬರುವ ನಂಬರನ್ನು ಹುಡುಕಿ ಕೊಟ್ಟಿದ್ದೆ. ‘ಯಾರಿಗ್ ಬೇಕಾದ್ರೂ ನೆನಪಿರುತ್ತೆ ಅಕ್ಕ’ ಎಂದಿದ್ದೆ.

ನೆನಪಿಟ್ಟುಕೊಂಡವನು ಅವರ ತಮ್ಮ ಶ್ರೀಧರ. ಪರೀಕ್ಷೆಯಲ್ಲಿ ಫೇಲಾದನೆಂದು ಅಪ್ಪ ಬೀದಿಯಲ್ಲಿ ನಿಲ್ಲಿಸಿ ಕಪಾಳಕ್ಕೆ ಹೊಡೆದರಂತೆ. ಅವತ್ತೇ ಮನೆ ಬಿಟ್ಟ. ಮನೆಯ ಫೋನಿಗೆ ಮಾಡಿದರೆ ಅಪ್ಪ ಎತ್ತುತ್ತಾರೆ, ಅವನ ಹೆಸರೆತ್ತುವಂತಿಲ್ಲ. ಹಾಗಾಗಿ ಪ್ರತಿ ಯುಗಾದಿಯ ಬೆಳಿಗ್ಗೆ ಅಕ್ಕನ ಮೊಬೈಲಿಗೆ ಮಾಡುತ್ತಿದ್ದ. ‘ಅಕ್ಕ, ಬೇವು ಬೆಲ್ಲ ತಿಂದ್ಯಾ?’ ಎಂದಷ್ಟು ಕೇಳಿ, ಎಲ್ಲಿದ್ದಾನೆಂದು ಹೇಳದೆ ಇಟ್ಟುಬಿಡುತ್ತಿದ್ದ. ಪ್ರತಿ ಸಲ ಬೇರೆ ಬೇರೆ ಬೂತಿನ ನಂಬರ್. ಕರೆನ್ಸಿ ಹಾಕಿಸಲು ಬಂದಾಗಲೆಲ್ಲ ವಸಂತಕ್ಕ ಇದನ್ನು ಹೇಳುತ್ತಿದ್ದರು. ‘ಅಂಗಡಿ ಮುಚ್ಚಿದ್ರೂ ಪರ್ವಾಗಿಲ್ಲ ನಳಿನಿ, ಇದು ಮುಚ್ಚಬಾರದು.’

ಎರಡು ಸಾವಿರದ ದಶಕದ ನಡುವೆ ನಮ್ಮ ಕಂಪನಿಯನ್ನು ದೊಡ್ಡ ಕಂಪನಿಯೊಂದು ಕೊಂಡಿತು. ಬೋರ್ಡು ಇಳಿಯಿತು, ಹೊಸ ಬಣ್ಣ ಬಂತು. ನಮ್ಮಲ್ಲಿ ಯಾರನ್ನು ಉಳಿಸಿಕೊಳ್ಳುತ್ತಾರೆ, ಯಾರನ್ನು ಕಳಿಸುತ್ತಾರೆ — ಎಲ್ಲರ ಎದೆಯಲ್ಲೂ ಅದೇ. ಆ ವಾರ ಮ್ಯಾನೇಜರ್ ನನ್ನನ್ನು ಒಳಗೆ ಕರೆದರು. ಜೆ.ಪಿ. ನಗರದ ರಿಯಲ್ ಎಸ್ಟೇಟಿನವರೊಬ್ಬರು ತಮ್ಮ ಆಫೀಸಿನವರಿಗೆಲ್ಲ ನಮ್ಮಲ್ಲೇ ಕನೆಕ್ಷನ್ ತೆಗೆದುಕೊಳ್ಳುವವರಿದ್ದರು. ಸಾಲಾಗಿ ಒಂದೇ ಅಂಕಿ ಬರುತ್ತದೆಂದು ಅವರಿಗೆ ವಸಂತಕ್ಕನ ನಂಬರೇ ಬೇಕಿತ್ತು.

‘ಪ್ರೀಪೇಯ್ಡ್ ತಾನೆ? ವರ್ಷಕ್ಕೆ ನಾಲ್ಕು ಕಾಲ್ ಮಾಡಲ್ಲ ಆಯಮ್ಮ. ಸ್ವಲ್ಪ ನೋಡು ನಳಿನಿ. ನಿನ್ನ ವಿಷಯ ನಾನು ನೋಡ್ಕೋತೀನಿ’ ಎಂದರು.

ಆಗುವುದಿಲ್ಲ ಎನ್ನಬಹುದಿತ್ತು. ಆ ನಂಬರಿನ ಕಥೆ ಹೇಳಿದ್ದರೆ ಅವರೂ ಬಿಡುತ್ತಿದ್ದರೇನೋ — ನಾನು ಹೇಳಲೇ ಇಲ್ಲ. ಸೀಟಿಗೆ ಬಂದು, ಕಂಪ್ಯೂಟರಿನಲ್ಲಿ ವಸಂತಕ್ಕನ ಸಿಮ್ ಕಾರ್ಡು ಬಳಕೆಯಲ್ಲಿಲ್ಲ ಎಂದು ಗುರುತು ಮಾಡಿ, ನಂಬರನ್ನು ಅವರ ಹೆಸರಿನಿಂದ ಬಿಡಿಸಿಕೊಟ್ಟೆ.

ಮರುದಿನ ವಸಂತಕ್ಕ ಓಡಿಬಂದರು. ‘ಫೋನ್ ಸತ್ತೋಗಿದೆ, ನೋಡಿ ಸ್ವಲ್ಪ.’

‘ಕಂಪನಿ ಬದಲಾಯ್ತಲ್ಲ ಅಕ್ಕ. ಸಿಸ್ಟಮ್ಮಲ್ಲೇ ಹೊರಟುಹೋಗಿದೆ. ಯಾರ ಕೈಲೂ ಏನೂ ಮಾಡಕ್ಕಾಗಲ್ಲ.’

ಅವರು ನಂಬಿದರು. ಕೊಟ್ಟ ಹೊಸ ನಂಬರ್ ತೆಗೆದುಕೊಂಡು, ‘ಅವನಿಗೆ ಹೆಂಗೆ ಗೊತ್ತಾಗ್ಬೇಕು ಇದು’ ಎಂದು ತಮ್ಮಷ್ಟಕ್ಕೆ ಅಂದುಕೊಳ್ಳುತ್ತಾ ಮೆಟ್ಟಿಲಿಳಿದರು. ನನ್ನ ಕೆಲಸ ಉಳಿಯಿತು.

ಇಷ್ಟಕ್ಕೇ ಮುಗಿದಿದ್ದರೆ... ಯುಗಾದಿಯ ಮರುದಿನ ಆ ರಿಯಲ್ ಎಸ್ಟೇಟಿನವರು ನನ್ನ ಕೌಂಟರಿಗೆ ಬಂದರು. ‘ಏನಮ್ಮ, ನಿನ್ನೆಯಿಂದ ಯಾರೋ ಅಕ್ಕ ಇದಾರಾ, ಅಕ್ಕ ಇದಾರಾ ಅಂತ ಪ್ರಾಣ ತಿಂತಾನೆ. ಬೈದು ಇಟ್ಟೆ. ನೋಡು, ಇದೇ ನಂಬರು’ ಎಂದು ಫೋನನ್ನು ನನ್ನ ಮುಖದ ಮುಂದೆ ಹಿಡಿದರು. ಅದು ಕಾರವಾರದ ಕೋಡ್. ಒಂದು ಚೀಟಿಯಲ್ಲಿ ಬರೆದುಕೊಂಡು ತಿಲಕ್ ನಗರದವರೆಗೆ ನಡೆದಿದ್ದರೆ ಸಾಕಿತ್ತು. ಆದರೆ ಈ ನಂಬರ್ ಹೇಗೆ ಸಿಕ್ಕಿತು ಎಂದು ವಸಂತಕ್ಕ ಕೇಳುತ್ತಾರೆ, ನಾನು ಮಾಡಿದ್ದು ಹೊರಗೆ ಬೀಳುತ್ತದೆ.

‘ರಾಂಗ್ ನಂಬರ್ ಸಾರ್. ಎತ್ತಬೇಡಿ, ಸುಮ್ನಾಗ್ತಾನೆ’ ಎಂದೆ.

ಅವನು ಸುಮ್ಮನಾದ.

ವರ್ಷಗಳು ಕಳೆದವು. ಕೆಲಸ ಬಿಟ್ಟೆ, ಮಕ್ಕಳು ದೊಡ್ಡವರಾದರು. ಬನಶಂಕರಿಯ ಒಂದು ಮದುವೆಯಲ್ಲಿ ವಸಂತಕ್ಕ ಸಿಕ್ಕಿದರು. ಕೂದಲು ನರೆತಿತ್ತು. ನನ್ನ ಕೈ ಹಿಡಿದು ಪಕ್ಕದವರಿಗೆ, ‘ನಂಗೆ ಮೊದಲನೇ ಫೋನ್ ಕೊಡಿಸಿದ್ದು ಇವ್ರೇ, ತುಂಬಾ ಒಳ್ಳೆಯವ್ರು’ ಎಂದು ಪರಿಚಯ ಮಾಡಿಸಿದರು. ನಾನು ಊಟಕ್ಕೆ ಕೂರದೆ ಹೊರಟುಬಂದೆ.

ಆ ಭಾನುವಾರ ಗೊಟ್ಟಿಗೆರೆಯ ಅವರ ಮನೆ ಹುಡುಕಿಕೊಂಡು ಹೋದೆ. ಅವರು ಅವರೆಕಾಳು ಬಿಡಿಸುತ್ತಾ ಕೂತಿದ್ದರು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ನಂಬರ್ ಕೊಟ್ಟದ್ದನ್ನು ಹೇಳುವಾಗಲೂ ಅವರ ಕೈ ನಿಂತಿರಲಿಲ್ಲ. ಕಾರವಾರ ಎಂದಾಗ ನಿಂತಿತು.

‘ಫೋನ್ ಮಾಡಿದ್ನಾ ಅವನು?’

‘ಮಾಡಿದ್ರು ಅಕ್ಕ.’

‘ಏನ್ ಕೇಳಿದ್ನಂತೆ?’

‘ಅಕ್ಕ ಇದಾರಾ ಅಂತ.’

ನನ್ನ ಕಡೆ ನೋಡದೆ ಹೇಳಿದರು: ‘ಮೂರ್ ವರ್ಷ ಕಾದ್ವಿ. ಹೋಗೇಬಿಟ್ಟ ಅಂದ್ಕೊಂಡ್ವಿ. ಅವತ್ತಿಂದ ಮಹಾಲಯಕ್ಕೆ ಅಪ್ಪನ ಎಲೆ ಪಕ್ಕ ಅವನಿಗೂ ಎಲೆ ಹಾಕಿ ಎಡೆ ಇಡ್ತಾ ಬಂದಿದೀನಿ.’ ಆಮೇಲೆ, ‘ನೀವಿನ್ನು ಹೊರಡಿ’ ಎಂದರು.

ಹೊರಟುಬಂದೆ. ಕ್ಷಮಿಸಿ ಎಂದು ಕೇಳಲಿಲ್ಲ. ಅದು ನಾನು ಕೇಳಬಾರದ ಮಾತು.

ವಸಂತಕ್ಕ ಗಂಡನ ಜೊತೆ ಕಾರವಾರಕ್ಕೆ ಹೋಗಿ, ಬೀದಿ ಬೀದಿ ವಿಚಾರಿಸಿ ಬಂದರೆಂದು ತಿಳಿಯಿತು. ಪಿತೃಪಕ್ಷದಲ್ಲಿ ಒಂದು ಬೆಳಿಗ್ಗೆ ಅವರೇ ನನಗೆ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

‘ಆ ಕಾಲದ ಬೂತುಗಳು ಒಂದೂ ಇಲ್ಲ ಅಲ್ಲಿ. ಅವನನ್ನ ಕಂಡೋರೂ ಇಲ್ಲ. ನಾಳೆ ಅಮಾವಾಸ್ಯೆ. ಅವನಿಗೆ ಎಲೆ ಹಾಕ್ಲೋ, ಬೇಡ್ವೋ? ನೀವೇ ಹೇಳಿ.’