ನಮ್ಮ ಮನೆಯ ಕೀ, ಎದುರು ಮನೆಯಲ್ಲಿ

ಬಾಗಿಲಿಗೆ ಬೀಗ ಹಾಕಿದ ಮೇಲೆ ಅದನ್ನು ಎಳೆದು ನೋಡದೆ ಮೆಟ್ಟಿಲು ಇಳಿದವಳಲ್ಲ ನಾನು. ಒಮ್ಮೆ ಎಳೆದರೂ ಸಾಲದು. ಗೇಟಿನವರೆಗೆ ಹೋದಾಗ, ಎಳೆದೆನೋ ಇಲ್ಲವೋ ಎಂಬ ಅನುಮಾನ ಶುರುವಾಗುತ್ತದೆ. ವಾಪಸು ಬಂದು ಮತ್ತೊಮ್ಮೆ ಎಳೆಯಬೇಕು. ಇಂಥವಳು ಆರಿಸಿಕೊಂಡ ವಿದ್ಯೆಯಾದರೂ ಯಾವುದು ಅಂತೀರಿ? ಬ್ಲಾಕ್‌ಚೈನ್. ಒಮ್ಮೆ ಬರೆದದ್ದನ್ನು ಅಳಿಸುವಂತಿಲ್ಲ, ತಿದ್ದುವಂತಿಲ್ಲ, ವಾಪಸು ಬಂದು ಎಳೆದು ನೋಡುವ ಮಾತಂತೂ ಇಲ್ಲವೇ ಇಲ್ಲ. ನನ್ನ ಸ್ವಭಾವಕ್ಕೂ ಅದಕ್ಕೂ ಎಣ್ಣೆ ಸೀಗೆಕಾಯಿ. ಆದರೂ ಯಾಕೋ ಅದರ ಮೇಲೇ ಮನಸ್ಸಾಯಿತು.

ಬ್ಲಾಕ್‌ಚೈನ್ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಬಸವೇಶ್ವರನಗರದ ನಮ್ಮ ಬೀದಿಯನ್ನೇ ಉದಾಹರಣೆ ಕೊಡುತ್ತೇನೆ. ಮೂಲೆ ಮನೆಯ ಹುಡುಗನಿಗೆ ಹೆಣ್ಣು ಗೊತ್ತಾಯಿತು ಎನ್ನಿ. ಆ ಸುದ್ದಿ ಒಬ್ಬರ ಬಳಿ ಭದ್ರವಾಗಿ ಕೂತಿರುವುದಿಲ್ಲ. ಮನೆಮನೆಯಲ್ಲೂ ಅದರ ಒಂದೊಂದು ಪ್ರತಿ ಇರುತ್ತದೆ. ನಾಳೆ ಸಂಬಂಧ ಮುರಿದುಬಿದ್ದರೆ ಮೊದಲ ಸುದ್ದಿ ಅಳಿಸಿಹೋಗುವುದಿಲ್ಲ, ಅದರ ಬೆನ್ನಿಗೆ ಎರಡನೆಯದು ಸೇರಿಕೊಳ್ಳುತ್ತದೆ. ಯಾರೋ ಒಬ್ಬರು ತಮ್ಮ ಪ್ರತಿಯಲ್ಲಿ ಹುಡುಗಿಯ ಓದನ್ನು ಒಂದು ಡಿಗ್ರಿ ಏರಿಸಲು ಹೋದರೆ ಉಳಿದವರೆಲ್ಲ ಸೇರಿ ಅವರ ಬಾಯಿ ಮುಚ್ಚಿಸುತ್ತಾರೆ. ಇಷ್ಟನ್ನೇ ಕಂಪ್ಯೂಟರುಗಳ ಕೈಲಿ ಮಾಡಿಸಲು ಪ್ರಪಂಚದ ಬುದ್ಧಿವಂತರು ತಲೆ ಕೆಡಿಸಿಕೊಂಡು ಕೂತರು. ನಮ್ಮ ಬೀದಿಯ ಆಂಟಿಯರು ಕರೆಂಟ್ ಹೋದಾಗಲೂ ಮಾಡುತ್ತಾರೆ.

ಈ ಬೀದಿಯ ಮಹಿಮೆ ನನಗೆ ಅರ್ಥವಾದದ್ದು ಇಂಟರ್ನ್‌ಶಿಪ್ ಹುಡುಕುವಾಗ. ಕೆಂಗೇರಿಯ ಕಡೆ ಒಂದು ಕಾಲೇಜಿನಲ್ಲಿ ನನ್ನದು ಇಂಜಿನಿಯರಿಂಗ್ ಕೊನೆಯ ಸೆಮಿಸ್ಟರ್. ತಿಂಗಳು ಮುಗಿಯುವುದರೊಳಗೆ ಯಾವುದಾದರೂ ಕಂಪನಿಯ ಪತ್ರ ತಂದು ತೋರಿಸದಿದ್ದರೆ ಸೆಮಿಸ್ಟರ್ ಪೂರ್ತಿಯಾಗುವುದಿಲ್ಲ, ಅಂದರೆ ಡಿಗ್ರಿ ಇನ್ನೊಂದು ವರ್ಷ ಮುಂದಕ್ಕೆ. ಗೆಳತಿಯರೆಲ್ಲ ಎಲ್ಲೆಲ್ಲೋ ಸೇರಿಕೊಂಡಾಗಿತ್ತು. ನಾನು ಮಾತ್ರ ಬ್ಲಾಕ್‌ಚೈನೇ ಬೇಕು ಎಂದು ಹಟ ಹಿಡಿದು ಕೂತಿದ್ದೆ. ಅರ್ಜಿ ಹಾಕಿದ ಕಂಪನಿಗಳೋ ಅನುಭವ ಕೇಳುತ್ತಿದ್ದವು. ಅನುಭವ ಇದ್ದಿದ್ದರೆ ಇಂಟರ್ನ್ ಆಗಲು ಯಾಕೆ ಬರುತ್ತಿದ್ದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಹೆಚ್ಚಿನವು ಇಲ್ಲ ಎಂದು ಹೇಳುವ ಸೌಜನ್ಯವನ್ನೂ ತೋರಲಿಲ್ಲ. ಫೋನ್ ಟಿಣ್ ಎಂದಾಗಲೆಲ್ಲ ಓಡಿ ಬರುತ್ತಿದ್ದೆ. ನೋಡಿದರೆ ಯಾವುದೋ ಅಂಗಡಿಯ ಆಫರ್.

ಕೊನೆಗೆ ಒಂದು ಶುಕ್ರವಾರ ರಾಜಾಜಿನಗರದ ಒಂದು ಸಣ್ಣ ಕಂಪನಿಯಿಂದ ಮೇಲ್ ಬಂತು. ಒಂದು ಕೆಲಸ ಕೊಡುತ್ತೇವೆ, ಸೋಮವಾರ ಬೆಳಿಗ್ಗೆಯೊಳಗೆ ಮಾಡಿ ಕಳಿಸಿ, ಇಷ್ಟವಾದರೆ ಸಂದರ್ಶನಕ್ಕೆ ಕರೆಯುತ್ತೇವೆ ಎಂದು. ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಕಾಮಾಕ್ಷಿಪಾಳ್ಯದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅಪ್ಪನದು ಊರೂರು ತಿರುಗುವ ಕೆಲಸವಾದ್ದರಿಂದ ನಮ್ಮ ಮನೆಯಲ್ಲಿ ದಿನನಿತ್ಯದ ಆತಂಕಗಳೆಲ್ಲ ನಮ್ಮಿಬ್ಬರ ಪಾಲಿನವೇ. ಅಮ್ಮ ಕೇಳಿಸಿಕೊಂಡು, ಸೀರೆ ಉಟ್ಟು, ಎದುರು ಮನೆಯ ವನಜಾ ಆಂಟಿಯ ಪೂಜೆಗೆ ಕುಂಕುಮಕ್ಕೆ ಹೋದರು. ವಾಪಸು ಬಂದಾಗ ಮುಖ ಯಾಕೋ ಬಿಳುಚಿಕೊಂಡಿತ್ತು.

"ನಿಂಗೆ ಇಂಟರ್ನ್‌ಶಿಪ್ ಸಿಕ್ತು ಅಂತ ಹೇಳ್ಬಿಟ್ಟೆ ಕಣೇ."

"ಯಾರಿಗಮ್ಮ?"

"ಎಲ್ರಿಗೂ. ಅವ್ರು ಕೇಳೋದು, ನಾನು ಇನ್ನೂ ಇಲ್ಲ ಅನ್ನೋದು. ಎಷ್ಟು ಸಲ ಅಂತ ಹೇಳ್ಲಿ? ಬಾಯಿಂದ ಬಂದ್ಬಿಡ್ತು."

ಶಾಲೆಯ ಮಕ್ಕಳು ಲೆಕ್ಕದ ಕೊನೆಯ ಉತ್ತರವನ್ನು ಮೊದಲೇ ಬರೆದು ಮಧ್ಯದ ಹಂತಗಳನ್ನು ಆಮೇಲೆ ಹುಟ್ಟಿಸಿದರೆ ಅಮ್ಮ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆಯುತ್ತಾರೆ. ಈಗ ತಾವೇ ಉತ್ತರ ಬರೆದು ಬಂದಿದ್ದರು. ಹಂತಗಳನ್ನು ಹುಟ್ಟಿಸುವ ಕೆಲಸ ನನ್ನದಾಯಿತು. ಬೀದಿಯ ಪ್ರತಿ ಮನೆಯಲ್ಲೂ ಒಂದೊಂದು ಪ್ರತಿ ಬಿದ್ದಾಗಿತ್ತು. ನನಗೆ ಅಮ್ಮನ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಬಂತು.

ಕಂಪನಿ ಕೊಟ್ಟ ಕೆಲಸ ಕೇಳಲು ಸುಲಭ. ಒಂದು ಅಪಾರ್ಟ್‌ಮೆಂಟಿನ ನಿವಾಸಿಗಳು ವೋಟು ಹಾಕಿ ತೀರ್ಮಾನ ಮಾಡುವಂಥ ಪುಟ್ಟ ಪ್ರೋಗ್ರಾಮ್ ಬರೆಯಬೇಕು. ಅದನ್ನು ಅಭ್ಯಾಸಕ್ಕೆಂದೇ ಇರುವ ಒಂದು ನೆಟ್‌ವರ್ಕಿಗೆ ಏರಿಸಬೇಕು. ಕೊನೆಗೆ ಅದರ ಯಜಮಾನಿಕೆಯನ್ನು ಅಲ್ಲಿ ಕಂಪನಿಗಿರುವ ವಿಳಾಸಕ್ಕೆ, ಅಂದರೆ ಅಂಕಿ ಅಕ್ಷರಗಳ ಒಂದು ಉದ್ದನೆಯ ಸಾಲಿಗೆ, ವರ್ಗಾಯಿಸಬೇಕು. ನೆಟ್‌ವರ್ಕಿಗೆ ಏರಿದ ಪ್ರೋಗ್ರಾಮನ್ನು ಆಮೇಲೆ ತಿದ್ದುವಂತಿಲ್ಲ, ಯಾರು ಬೇಕಾದರೂ ನೋಡಬಹುದು. ಶನಿವಾರವೆಲ್ಲ ಬರೆದೆ. ಬೀಗ ಎಳೆದು ನೋಡಿದ ಹಾಗೆ ಪ್ರತಿ ಸಾಲನ್ನೂ ಎಳೆದು ನೋಡಿದೆ. ಭಾನುವಾರ ಬೆಳಿಗ್ಗೆ ಏರಿಸಿದೆ. ಏರಿದ ಪ್ರೋಗ್ರಾಮಿಗೆ ಸಿಕ್ಕ ವಿಳಾಸವನ್ನು ಕಾಪಿ ಮಾಡಿ ಒಂದು ಕಡೆ ಗುರುತು ಹಾಕಿಕೊಂಡೆ. ಇನ್ನು ಉಳಿದದ್ದು ಯಜಮಾನಿಕೆ ವರ್ಗಾಯಿಸುವ ಒಂದೇ ಹೆಜ್ಜೆ.

ಅಷ್ಟರಲ್ಲಿ ಬಟ್ಟೆ ಒಣಹಾಕಲು ಟೆರೇಸಿಗೆ ಹೋಗಿದ್ದ ಅಮ್ಮನ ಕೂಗು: "ಕುಕ್ಕರ್ ಮೂರು ಕೂಗಾಯ್ತು ಕಣೇ, ಆಫ್ ಮಾಡು! ಬೇಳೆ ಕರಗಿಹೋಗತ್ತೆ!" ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಯಾವ ನೆಟ್‌ವರ್ಕಿಗಿಂತಲೂ ಕುಕ್ಕರ್ ದೊಡ್ಡದು. ಓಡಿಹೋಗಿ ಗ್ಯಾಸ್ ಆಫ್ ಮಾಡಿ ಬಂದೆ. ಕಂಪನಿಯ ವಿಳಾಸ ಕಾಪಿ ಮಾಡಿದ್ದೇನೆ ಎಂದುಕೊಂಡು ಅಂಟಿಸಿ ಒತ್ತಿಬಿಟ್ಟೆ. ಆದರೆ ನಾನು ಕಾಪಿ ಮಾಡಿದ್ದದ್ದು ಆ ಪ್ರೋಗ್ರಾಮಿನ ಸ್ವಂತ ವಿಳಾಸವನ್ನು. ಅಂದರೆ ಪ್ರೋಗ್ರಾಮಿಗೆ ಪ್ರೋಗ್ರಾಮೇ ಯಜಮಾನ. ನಾನೂ ಒಳಗೆ ಹೋಗುವಂತಿಲ್ಲ, ಕಂಪನಿಯೂ ಹೋಗುವಂತಿಲ್ಲ. ಕೀಯನ್ನು ಒಳಗೆ ಮೇಜಿನ ಮೇಲೆ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ, ಪ್ರಳಯದವರೆಗೂ.

ಅಳು ಬಂತು, ಅತ್ತೆ. ಅತ್ತಾದ ಮೇಲೆ ಒಂದು ದುರ್ಬುದ್ಧಿಯೂ ಬಂತು: ಹೊಸ ಹೆಸರಿನ ಖಾತೆ ತೆರೆದು ಇನ್ನೊಮ್ಮೆ ಏರಿಸಿದರೆ ಈ ಎಡವಟ್ಟು ನನ್ನದೆಂದು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಏರಿಸುವ ಶುಲ್ಕಕ್ಕೆ ಹೊಸ ಖಾತೆಯಲ್ಲಿ ಅಭ್ಯಾಸದ ಪುಕ್ಕಟೆ ನಾಣ್ಯ ಬೇಕು, ಅದನ್ನು ಕೊಡುವ ಜಾಲತಾಣ ಅವತ್ತಿನ ಪಾಲು ಆಗಲೇ ಕೊಟ್ಟು ಮುಗಿಸಿತ್ತು. ಹಳೆಯ ಖಾತೆಯಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಹಾಗಾಗಿ ಅನಿವಾರ್ಯವಾಗಿ ಸತ್ಯವಂತಳಾದೆ.

ಯೋಚಿಸುತ್ತ ಕಿಟಕಿಯ ಬಳಿ ನಿಂತಾಗ ಎದುರು ಮನೆಯ ಗೇಟು ಕಾಣುತ್ತಿತ್ತು. ಅಮ್ಮನಿಗೂ ನನಗೂ ಸೇರಿ ನಮ್ಮ ಮನೆಗೆ ಇರುವುದು ಒಂದೇ ಕೀ. ಇನ್ನೊಂದು ಅಪ್ಪನ ಜೊತೆ ಊರೂರು ತಿರುಗುತ್ತದೆ. ಆದ್ದರಿಂದ ಕೊನೆಗೆ ಮನೆ ಬಿಟ್ಟವರು ಕೀಯನ್ನು ವನಜಾ ಆಂಟಿಗೆ ಕೊಟ್ಟು ಹೋಗಬೇಕು. ಇದರಲ್ಲಿ ಅಮ್ಮನದೊಂದು ಕಟ್ಟುನಿಟ್ಟಿನ ಕ್ರಮವಿದೆ. ಕೀಯನ್ನು ಕಾಂಪೌಂಡಿನ ಮೇಲೆ ಇಡುವುದಿಲ್ಲ, ಕಿಟಕಿಯಲ್ಲಿ ಸಿಕ್ಕಿಸುವುದಿಲ್ಲ, ಮಕ್ಕಳ ಕೈಗೆ ಕೊಡುವುದಿಲ್ಲ. ಬಸ್ಸು ತಪ್ಪಿದರೂ ಸರಿ, ಆಂಟಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು, ಕೀ ತೆಗೆದುಕೊಂಡು, "ಹಾಂ, ಇಟ್ಕೊಂಡೆ" ಎಂದು ಬಾಯಿಬಿಟ್ಟು ಹೇಳುವವರೆಗೆ ಅಮ್ಮ ಗೇಟು ಬಿಟ್ಟು ಕದಲುವುದಿಲ್ಲ. ಆ ಮಾತು ಬರುವ ತನಕ ಕೀ ಆಂಟಿಯ ಕೈಲಿದ್ದರೂ ಜವಾಬ್ದಾರಿ ಅಮ್ಮನದೇ. ಚಿಕ್ಕಂದಿನಿಂದ ನಾನು ಇದನ್ನು ನೋಡಿ ಅಮ್ಮನನ್ನು ಗೇಲಿ ಮಾಡಿದ್ದೇ ಮಾಡಿದ್ದು.

ಆ ಮಧ್ಯಾಹ್ನ ಎರಡನೆಯ ಪ್ರೋಗ್ರಾಮ್ ಬರೆದೆ. ಇದರಲ್ಲಿ ಯಜಮಾನಿಕೆ ಕೊಟ್ಟ ಕೂಡಲೇ ಹೋಗುವುದಿಲ್ಲ. ಪಡೆಯುವವರು ಒಪ್ಪಿಕೊಂಡೆ ಎಂದ ಮೇಲೆಯೇ ಹೋಗುತ್ತದೆ. ತಪ್ಪು ವಿಳಾಸಕ್ಕೆ ಕೊಟ್ಟರೆ ಅಲ್ಲಿಂದ ಉತ್ತರ ಬರುವುದಿಲ್ಲ, ಕೀ ನನ್ನಲ್ಲೇ ಉಳಿಯುತ್ತದೆ. ಅದೇ ಖಾತೆಯಿಂದ ಏರಿಸಿ ಕಳಿಸಿದೆ. ಹಿಂದಿನ ಎಡವಟ್ಟು ಖಾತೆಯ ಪಟ್ಟಿಯಲ್ಲಿ ಅದರ ಪಕ್ಕದ ಸಾಲಿನಲ್ಲೇ ಎಲ್ಲರಿಗೂ ಕಾಣುವಂತೆ ಕೂತಿತ್ತು.

ಮಂಗಳವಾರ ಸಂದರ್ಶನ. ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಆಫೀಸು. ಮೆಟ್ಟಿಲು ಹತ್ತುವಾಗ ಕೆಳಗೆ ಯಾರೋ ಸ್ಟೀಲ್ ತಟ್ಟೆ ಬೀಳಿಸಿದರು. ಅಪಶಕುನವೋ ಶುಭಶಕುನವೋ ಎಂದು ಯೋಚಿಸುತ್ತಲೇ ಒಳಗೆ ಹೋದೆ. ಎದುರಿಗೆ ಕೂತವರು ಧಾರವಾಡದ ಕಡೆಯವರು, ನನಗಿಂತ ಆರೇಳು ವರ್ಷ ದೊಡ್ಡವರಿರಬಹುದು. ಮೊದಲ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಸುಸೂತ್ರವಾಗಿ ನಡೆಯಿತು. ಆಮೇಲೆ ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಇಲ್ಲಿ ಎರಡು ಅದಾವಲ್ರೀ. ಮೊದಲನೇದಕ್ಕ ಏನಾತು?"

ಪ್ರಯೋಗಕ್ಕೆ ಮಾಡಿದ್ದು ಎನ್ನಬಹುದಿತ್ತು; ಆ ಮಾತು ನಾಲಿಗೆಯ ತುದಿಯವರೆಗೆ ಬಂದೂ ಬಂದಿತ್ತು. ಆದರೆ ಒಂದು ಸುಳ್ಳು ಆಗಲೇ ನಮ್ಮ ಬೀದಿಯಲ್ಲಿ ಓಡಾಡುತ್ತಿತ್ತು. ಎರಡನ್ನು ಸಾಕುವ ಶಕ್ತಿ ನನಗಿರಲಿಲ್ಲ.

"ಕುಕ್ಕರ್ ಕೂಗ್ತು ಸಾರ್," ಅಂದೆ.

ಅವರು ತಲೆ ಎತ್ತಿದರು. ಕುಕ್ಕರಿನಿಂದ ಶುರುಮಾಡಿ ವನಜಾ ಆಂಟಿಯ ಒದ್ದೆ ಕೈವರೆಗೆ ಎಲ್ಲವನ್ನೂ ಕನ್ನಡದಲ್ಲೇ ಹೇಳಿದೆ. ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಹೌದೇನ್ರೀ," ಎಂದು ಏನೋ ಬರೆದುಕೊಂಡು, "ಈ ವಾರದಾಗ ತಿಳಸ್ತೀವಿ, ಹೋಗಿ ಬರ್ರಿ" ಅಂದರು. ಕೆಳಗಿಳಿದು ಬಸ್‌ಸ್ಟಾಪಿಗೆ ಬಂದ ಮೇಲೆ, ಸಂದರ್ಶನದಲ್ಲಿ ಎದುರು ಮನೆ ಆಂಟಿಯ ಕಥೆ ಹೇಳಿ ಬಂದವಳು ಇಡೀ ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು ಅನ್ನಿಸಿತು.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತು. ಅಮ್ಮನೂ ನಾನೂ ಆ ವಿಷಯ ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದೆವು. ಮನೆಯಿಂದ ಹೊರಗೆ ಕಾಲಿಡಲು ಭಯ. ಯಾವ ಕಂಪನಿ, ಯಾವಾಗ ಸೇರುವುದು, ಎಷ್ಟು ಕೊಡುತ್ತಾರೆ ಎಂದು ಆಂಟಿಯರು ಕೇಳಿದರೆ ಹೇಳಲು ಒಂದಿಷ್ಟು ಉತ್ತರಗಳನ್ನು ಉರು ಹೊಡೆದಿಟ್ಟುಕೊಂಡಿದ್ದೆ. ವಿಚಿತ್ರವೆಂದರೆ ಯಾರೂ ಕೇಳಲಿಲ್ಲ. ತರಕಾರಿ ಗಾಡಿಯ ಹತ್ತಿರ ಸಿಕ್ಕವರು ಬದನೆಕಾಯಿಯ ಬಗ್ಗೆ ಮಾತಾಡಿದರು. ನೆಂಟರ ಮನೆಯ ನಾಯಿಗೆ ಜ್ವರ ಬಂದರೂ ಥರ್ಮಾಮೀಟರಿನ ಅಂಕಿ ಕೇಳುವ ಜನ, ನನ್ನನ್ನು ಮಾತ್ರ ಊಟ ಆಯಿತಾ ಎಂದು ಕೇಳಿ ಬಿಟ್ಟುಬಿಟ್ಟರು. ನನ್ನ ಅದೃಷ್ಟ ಎಂದುಕೊಂಡೆ. ಆದರೆ ಅವರು ಹೇಳಿದ ವಾರ ಮುಗಿಯುತ್ತ ಬಂದಂತೆ ಆ ಮೌನವೂ ಹೆದರಿಸತೊಡಗಿತು.

ಮೇಲ್ ಬಂದದ್ದು ಶುಕ್ರವಾರ, ಕಾಲೇಜಿನಿಂದ ವಾಪಸು ಬರುವಾಗ. ಬಸ್ಸು ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು, ನಾನು ಕಂಬಿ ಹಿಡಿದು ನಿಂತಿದ್ದೆ. ತೆರೆಯಲು ಧೈರ್ಯ ಸಾಲದೆ ಎರಡು ಸ್ಟಾಪ್ ದಾಟಿದೆ. ತೆರೆದಾಗ ಮೊದಲ ಸಾಲಿನಲ್ಲೇ ಇತ್ತು: ಸೋಮವಾರದಿಂದ ಬನ್ನಿ. ಕೊನೆಯಲ್ಲಿ ಕನ್ನಡದಲ್ಲೇ ಒಂದು ಸಾಲು: "ಕುಕ್ಕರ್ ಆಫ್ ಮಾಡಿ ಬರ್ರಿ." ಬಸ್ಸಿನಲ್ಲೇ ಜೋರಾಗಿ ನಕ್ಕುಬಿಟ್ಟೆ. ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ನಿಂತರು.

ಮನೆಗೆ ಓಡಿ ಬಂದರೆ ಬೀಗ. ಅಮ್ಮ ಇನ್ನೂ ಶಾಲೆಯಿಂದ ಬಂದಿರಲಿಲ್ಲ, ಫೋನ್ ತೆಗೆಯುತ್ತಿರಲಿಲ್ಲ. ಕೀಗಾಗಿ ಎದುರು ಮನೆಯ ಗೇಟು ತಟ್ಟಿದೆ. ವನಜಾ ಆಂಟಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು. ನನಗೆ ತಡೆಯಲಾಗಲಿಲ್ಲ.

"ಆಂಟಿ, ಇಂಟರ್ನ್‌ಶಿಪ್ ಸಿಕ್ತು!" ಎಂದುಬಿಟ್ಟೆ. ಅಂದ ಮೇಲೆ ನೆನಪಾಯಿತು, ಇವರ ಪ್ರಕಾರ ಅದು ಹೋದ ವಾರವೇ ಸಿಕ್ಕಿತ್ತು. ನಾಲಿಗೆ ಕಚ್ಚಿಕೊಂಡೆ.

ಆಂಟಿ ನನ್ನ ಗಲ್ಲ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು. "ಅಬ್ಬ, ಸದ್ಯ ಕಣೇ. ಇವತ್ತಿಗೆ ನೆಮ್ಮದಿ ಆಯ್ತು ನಂಗೆ."

"ನಿಮಗೆ... ಗೊತ್ತಿತ್ತಾ ಆಂಟಿ?"

"ಗೊತ್ತಾಗದೆ ಏನು? ನಿನಗೆ ಸೀಟು ಸಿಕ್ಕಾಗ ಡಬ್ಬಿ ತುಂಬ ಮೈಸೂರು ಪಾಕ್ ಹಿಡ್ಕೊಂಡು ಮನೆಮನೆಗೂ ಬಂದೋಳು ನಿಮ್ಮಮ್ಮ. ಈ ಸಲ ಬರಿಗೈಲಿ ಬಂದು ಸಿಕ್ತು ಅಂದ್ರೆ ನಂಬ್ತೀವಾ? ಅವ್ಳು ಎದ್ದು ಹೋದ್ಮೇಲೆ ನಾನೇ ಎಲ್ರಿಗೂ ಹೇಳ್ದೆ, ಆ ಮಗೂನ ಯಾರೂ ಏನೂ ಕೇಳ್ಬೇಡಿ, ಸಿಗೋವರ್ಗೂ ಬಾಯಿ ಮುಚ್ಕೊಂಡಿರಿ ಅಂತ."

ಒಂದು ಸುದ್ದಿಯನ್ನು ಅರ್ಧ ಗಂಟೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದ ಬೀದಿ, ಒಂದು ವಾರವಿಡೀ ನನಗಾಗಿ ಬದನೆಕಾಯಿಯ ಮಾತಾಡಿತ್ತು.

ಆಂಟಿ ಒಳಗಿನಿಂದ ಕೀ ತಂದು ನನ್ನ ಅಂಗೈಯಲ್ಲಿಟ್ಟರು. "ನಮಗೆ ಗೊತ್ತಿತ್ತು ಅಂತ ನಿಮ್ಮಮ್ಮಂಗೆ ಮಾತ್ರ ಹೇಳ್ಬೇಡ. ನೊಂದ್ಕೋತಾಳೆ," ಎಂದರು. ಆದರೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ಹಾಗೇ ನಿಂತರು. ಏನು ಕಾಯುತ್ತಿದ್ದಾರೆಂದು ಹೊಳೆಯಲು ಒಂದು ಕ್ಷಣ ಬೇಕಾಯಿತು.

"ಹಾಂ ಆಂಟಿ," ಅಂದೆ. "ಇಟ್ಕೊಂಡೆ."