ಮುಹೂರ್ತಕ್ಕೆ ಆರಿಸಿದ ಯಂತ್ರ

ಲಂಪಾಂಗಿನ ಆ ಪಿಂಗಾಣಿ ಕಾರ್ಖಾನೆಯಲ್ಲಿ ಪ್ರಯೊಂಗನದು ಸುಖದ ಕೆಲಸವೆಂದು ಎಲ್ಲರ ಅಭಿಪ್ರಾಯ. ಏಪ್ರಿಲ್‌ನಲ್ಲಿ ಪಿಂಗಾಣಿ ಸುಡುವ ಗೂಡಿನ ಕೆಲಸಗಾರರು ಬೆಂದುಹೋಗುವಾಗ ಇವನೊಬ್ಬ ಸ್ವೆಟರ್ ತೊಟ್ಟು ಕೂತಿರುತ್ತಿದ್ದ. ಸರ್ವರ್ ಯಂತ್ರಗಳಿಗೆಂದು ತಂಪು ಮಾಡಿಟ್ಟ ಕೋಣೆ ಅದು. ಗ್ರಾಹಕರ ನಕ್ಷೆಗಳು, ಯಾವ ಬಣ್ಣಕ್ಕೆ ಯಾವ ಮಿಶ್ರಣ, ಗೂಡಿಗೆ ಎಷ್ಟು ಬಿಸಿ, ಎಲ್ಲವೂ ಆ ಯಂತ್ರಗಳಲ್ಲಿದ್ದವು. ಅವನ್ನು ನೋಡಿಕೊಳ್ಳುವುದು ಅವನ ಕೆಲಸ. ಮಧ್ಯಾಹ್ನ ಜಿಗುಟನ್ನದ ಬುಟ್ಟಿ ಹಿಡಿದು ಗೂಡಿನವರು ಏನಾದರೊಂದು ನೆಪದಿಂದ ಒಳಗೆ ನುಗ್ಗುತ್ತಿದ್ದರು.

"ಅಣ್ಣಾ, ಕಂಪ್ಯೂಟರ್ ಕೆಟ್ಟೋಗಿದೆ ಅನ್ಸುತ್ತೆ, ಒಂಚೂರು ನೋಡು."

"ನೀನು ಕಂಪ್ಯೂಟರ್ ಮುಟ್ಟಿದ್ದು ಯಾವಾಗಲೋ?"

"ಮುಟ್ಟೇ ಇಲ್ಲ. ಅದಕ್ಕೇ ಕೆಟ್ಟಿರ್ಬೇಕು."

ಅವನು ನಕ್ಕು ಜಾಗ ಕೊಡುತ್ತಿದ್ದ. ಯಾರಿಗೂ ಇಲ್ಲ ಎಂದವನಲ್ಲ. ಊರಿನವರು ಇದನ್ನು ಒಳ್ಳೆಯತನ ಎನ್ನುತ್ತಿದ್ದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ನಾನು ಬಣ್ಣಗಳಲ್ಲಿ ಸೀಸವಿದೆಯೇ ಎಂದು ಪರೀಕ್ಷಿಸಲು ಆ ಕಾರ್ಖಾನೆಗೆ ಹೋಗಿಬರುತ್ತಿದ್ದೆ. ನನಗೆ ಅದು ಒಳ್ಳೆಯತನವೆಂದು ಎಂದೂ ಅನ್ನಿಸಲಿಲ್ಲ.

ಯಂತ್ರಗಳು ಹಳೆಯವಾದವು. ಮಾಲೀಕ ಕಮ್ಚೋನ್ ಎಲ್ಲವನ್ನೂ ಕ್ಲೌಡ್‌ಗೆ ಸಾಗಿಸಿ, ಕೋಣೆಯನ್ನು ಪಿಂಗಾಣಿ ಮಾರುವ ಅಂಗಡಿಯಾಗಿಸಲು ನಿರ್ಧರಿಸಿದ. ಇನ್ನು ಮುಂದೆ ಕಡತಗಳು ಎಲ್ಲೋ ದೂರದ ಬೇರೊಬ್ಬರ ಯಂತ್ರಗಳಲ್ಲಿ ಬಾಡಿಗೆಗೆ ಇರುತ್ತವೆ; ಕಾಯಲು ಮನುಷ್ಯ ಬೇಕಿಲ್ಲ. ಪ್ರಯೊಂಗನಿಗೆ ಐವತ್ತು ದಾಟಿತ್ತು, ಬೇರೆ ಕೆಲಸ ಬರುತ್ತಿರಲಿಲ್ಲ. ಅವನ ಮುಖ ನೋಡಿ ಕಮ್ಚೋನನೇ ಹೇಳಿದ: "ಕೋಣೆ ಹೋಗುತ್ತೆ, ನೀನು ಹೋಗಲ್ಲ. ಎಲ್ಲಾ ಸುಸೂತ್ರವಾಗಿ ಸಾಗಿಸ್ಬಿಡು, ಆಮೇಲೆ ಅದಕ್ಕೂ ನೀನೇ ಯಜಮಾನ."

ಸುಸೂತ್ರವಾಗಿ ಎಂಬ ಮಾತನ್ನು ಅವನು ಬಿಗಿಯಾಗಿ ಹಿಡಿದುಕೊಂಡ.

ಸಾಗಿಸಲು ಚಿಯಾಂಗ್ ಮಾಯ್‌ನ ಕಂಪನಿಯೊಂದು ಖ್ವಾನ್ ಎಂಬ ಹುಡುಗಿಯನ್ನು ಕಳಿಸಿತು. ಚುರುಕಿನವಳು, ಎಲ್ಲರಿಗೂ ಬಾಗಿ ಕೈಮುಗಿಯುತ್ತಿದ್ದಳು. ಲೆಕ್ಕಪತ್ರಗಳು ಬೇಗ ಹೋದವು. ನಕ್ಷೆಗಳೂ ಬಣ್ಣದ ವಿವರಗಳೂ ಭಾರವಾದವು, ನಿಧಾನಕ್ಕೆ ಹೋಗುತ್ತಿದ್ದವು. ಅಷ್ಟರಲ್ಲಿ ಕಮ್ಚೋನನ ತಾಯಿ ವಿಹಾರದ ಹಿರಿಯ ಭಿಕ್ಷುವಿನಿಂದ ಮುಹೂರ್ತ ತಂದರು. ಕಾರ್ಖಾನೆಯವರೆಲ್ಲ ಆಮಾ, ಅಂದರೆ ಅಜ್ಜಿ, ಎಂದು ಕರೆಯುವ ಹೆಂಗಸು. ಗುರುವಾರ ಬೆಳಿಗ್ಗೆ ಹಳೆಯ ಯಂತ್ರ ಆರಬೇಕು, ಆಮೇಲೆ ಹೊಸ ಅಂಗಡಿಯ ಗೋಡೆಗೆ ಪವಿತ್ರ ನೂಲು ಸುತ್ತಬೇಕು.

"ಅಣ್ಣಾ, ಗುರುವಾರಕ್ಕೆ ನಕ್ಷೆಗಳು ಮುಗಿಯಲ್ಲ," ಎಂದಳು ಖ್ವಾನ್. "ಒಂದು ವಾರ ಮುಂದಕ್ಕೆ ಹಾಕೋಕೆ ಹೇಳಿ. ನಾನು ಹೊರಗಿನವಳು, ಚಿಕ್ಕವಳು. ಆಮಾ ಎದುರಿಗೆ ನಾನು ಬಾಯಿ ಬಿಟ್ರೆ ಚೆನ್ನಾಗಿರಲ್ಲ."

"ಹೇಳ್ತೀನಮ್ಮ. ನೀನು ಯೋಚ್ನೆ ಮಾಡ್ಬೇಡ."

ಹೇಳಲಿಲ್ಲ. ಹೇಳಲೆಂದು ಎರಡು ಸಲ ಆಮಾನ ಮನೆಗೆ ಹೋದ. ಅವರು ಕೊಟ್ಟ ಕಿತ್ತಳೆ ತಿಂದು, ಮುಹೂರ್ತ ಬಹಳ ಚೆನ್ನಾಗಿದೆ ಎಂದು ಹೊಗಳಿ ಬಂದ. ಬುಧವಾರ ಖ್ವಾನ್ ಫೋನ್ ಮಾಡಿ ಮುಂದಕ್ಕೆ ಹೋಯಿತೇ ಎಂದು ಕೇಳಿದಾಗ, "ಮುಂದಕ್ಕೆ ಯಾಕಮ್ಮ, ಎಲ್ಲಾ ಹೋಗಿ ಮುಗೀತು," ಎಂದುಬಿಟ್ಟ. ಅವಳು ನಂಬಿದಳು. ಅವನ ಯೋಚನೆ ಸರಳವಾಗಿತ್ತು. ಮುಹೂರ್ತಕ್ಕೆ ಆರಿಸುವುದು, ಅತಿಥಿಗಳು ಊಟಕ್ಕೆ ಎದ್ದ ಮೇಲೆ ಮತ್ತೆ ಚಾಲೂ ಮಾಡಿ ಉಳಿದದ್ದನ್ನು ಕಳಿಸುವುದು.

ಗುರುವಾರ ನಾನೂ ಇದ್ದೆ. ಭಿಕ್ಷುಗಳು ಮಂತ್ರ ಹೇಳಿದರು. ಪ್ರಯೊಂಗ್ ಗುಂಡಿ ಒತ್ತಿದ. ಗುಯ್‌ಗುಟ್ಟುತ್ತಿದ್ದ ಕೋಣೆ ಸುಮ್ಮನಾಯಿತು. ಆಮಾ ತೃಪ್ತಿಯಿಂದ ತಲೆಯಾಡಿಸಿ ಮಗನಿಗೆ ಹೇಳಿದರು: "ಉಸಿರು ನಿಂತದ್ದು ಮನೇಲಿ ಇರಬಾರ್ದಪ್ಪ. ಈಗ್ಲೇ ಹೊರಗೆ ಹಾಕ್ಸು."

ಗುಜರಿಯ ಗಾಡಿ ಬಾಗಿಲಲ್ಲೇ ನಿಂತಿತ್ತು. ವ್ಯಾಪಾರದ ಗುಟ್ಟು ಹೊರಗೆ ಹೋಗಬಾರದೆಂದು ಕಮ್ಚೋನ್ ಕಡತಗಳಿದ್ದ ಡಿಸ್ಕುಗಳಿಗೆ ತನ್ನ ಕಣ್ಣೆದುರೇ ತೂತು ಕೊರೆಸಿದ. ಡ್ರಿಲ್ ಯಂತ್ರ ಕೂಗುವಾಗ ಪ್ರಯೊಂಗ್ ಅಲ್ಲೇ ನಿಂತಿದ್ದ. ಒಂದು ಮಾತು ಸಾಕಿತ್ತು. "ಯಾಕಣ್ಣ, ಅಳು ಬರ್ತಿದ್ಯಾ? ಇನ್ಮೇಲೆ ನೀನೂ ನಮ್ ಜೊತೆ ಬೆವರು ಸುರ್ಸು ಬಾ," ಎಂದು ಗೂಡಿನವರು ಛೇಡಿಸಿದರು. ಅವನು ಅವರ ಜೊತೆ ಸೇರಿ ನಕ್ಕ.

ಮಳೆಗಾಲದಲ್ಲಿ ಜಪಾನಿನ ಹೋಟೆಲೊಂದು ಎಂದಿನ ಎಲೆಹಸಿರು ತಟ್ಟೆಗಳನ್ನು ಕೇಳಿತು. ಕ್ಲೌಡ್‌ನಲ್ಲಿ ಆ ಹೋಟೆಲಿನ ಹೆಸರಿತ್ತು, ಒಳಗೆ ಏನೂ ಇರಲಿಲ್ಲ. ಹಸಿರು ಬೆರೆಸುತ್ತಿದ್ದ ಮುದುಕ ತೀರಿಕೊಂಡು ವರ್ಷಗಳಾಗಿದ್ದವು. ಅಂದಾಜಿನಲ್ಲಿ ಮಾಡಿ ಕಳಿಸಿದ ತಟ್ಟೆಗಳು ವಾಪಸು ಬಂದವು. ಹೋಟೆಲಿನವರು ಮತ್ತೆ ಪತ್ರ ಬರೆಯಲಿಲ್ಲ. ಇನ್ನೂ ಎಷ್ಟೋ ಗ್ರಾಹಕರ ಹೆಸರುಗಳ ಕೆಳಗೆ ಹೀಗೇ ಬರಿದಾಗಿತ್ತು.

ಕಮ್ಚೋನ್ ಖ್ವಾನ್‌ಳನ್ನೂ ಅವಳ ಮೇಲಧಿಕಾರಿಯನ್ನೂ ಕರೆಸಿದ. ಆಮಾ ಮಧ್ಯದಲ್ಲಿ ಕೂತಿದ್ದರು. ಪ್ರಯೊಂಗ್ ಅವರ ಪಕ್ಕದಲ್ಲಿ.

"ಎಲ್ಲಾ ಮುಗೀತು ಅಂತ ಹೇಳಿದ್ದು ಯಾರು?" ಎಂದ ಕಮ್ಚೋನ್.

"ಪ್ರಯೊಂಗಣ್ಣ ಫೋನಲ್ಲಿ ಹೇಳಿದ್ರು, ಸರ್."

"ಏನೋ ಪ್ರಯೊಂಗ್?"

ಪ್ರಯೊಂಗ್ ನೆಲ ನೋಡಿದ. ಅದೇ ನಗು. "ನಂಗೆ ಸರಿಯಾಗಿ ನೆನಪಿಲ್ಲ ಧಣಿ. ವಯಸ್ಸಾಯ್ತು."

ಅವಳ ಮೇಲಧಿಕಾರಿ ಅಲ್ಲೇ ಕ್ಷಮೆ ಕೇಳಿದ. ಪರೀಕ್ಷಿಸಿ ನೋಡುವುದು ಅವಳ ಹೊಣೆಯಾಗಿತ್ತು ಎಂದ. ಅದು ಸುಳ್ಳೂ ಅಲ್ಲ. ಮಾರನೆಯ ವಾರ ಅವಳು ಹೂವು, ಊದುಬತ್ತಿಯ ತಟ್ಟೆ ಹಿಡಿದು ಬಂದಳು. ಹಿರಿಯರಲ್ಲಿ ತಪ್ಪೊಪ್ಪಿಕೊಳ್ಳುವ ಪದ್ಧತಿ ಅದು. ಮಂಡಿಯೂರಿ ಆಮಾನ ಪಾದಕ್ಕೆ ತಲೆ ತಾಗಿಸಿದಳು. ಆಮೇಲೆ ಮೇಲಧಿಕಾರಿ ಕಣ್ಸನ್ನೆ ಮಾಡಿದ್ದಕ್ಕೆ ಪ್ರಯೊಂಗನತ್ತ ತಿರುಗಿ ಮಲ್ಲಿಗೆಯ ಮಾಲೆಯನ್ನು ಅವನ ಕೈಗಿಟ್ಟಳು.

"ನಿಮಗೂ ತೊಂದ್ರೆ ಕೊಟ್ಟೆ ಅಣ್ಣ. ತಪ್ಪಾಯ್ತು."

"ಪರ್ವಾಗಿಲ್ಲಮ್ಮ," ಎಂದು ಅವನು ಮಾಲೆ ತೆಗೆದುಕೊಂಡ.

ಆ ತಿಂಗಳೇ ಅವಳ ಕೆಲಸ ಹೋಯಿತು. ಅವನದು ಉಳಿಯಿತು. ಹೊಸ ಅಂಗಡಿಯ ಹಿಂಬದಿಯಲ್ಲಿ ಮೇಜು, ಲ್ಯಾಪ್‌ಟಾಪ್, ತಂಪು ಗಾಳಿ, ಕೊಟ್ಟ ಮಾತಿನಂತೆ ಯಜಮಾನಿಕೆ. ಒಂದು ಸಂಜೆ ನಮ್ಮ ಮನೆಗೆ ಬಂದಾಗ ಅವನೇ ನನಗೆ ನಡೆದದ್ದನ್ನೆಲ್ಲ ಹೇಳಿದ, ಯಾರದೋ ಕತೆಯೆಂಬಂತೆ. ನಾನು ಮರುದಿನವೇ ಕಮ್ಚೋನನ ಬಳಿ ಹೋಗಿ ತಿಳಿಸಿದೆ.

"ಗೊತ್ತು ಟೀಚರಮ್ಮ," ಎಂದ ಅವನು, ಚಹಾ ಬಗ್ಗಿಸುತ್ತ. "ತಪ್ಪು ಅವನದು ಅಂದ್ರೆ ಕೆಲಸ ಮುಗಿಯೋ ಮೊದ್ಲೇ ಯಂತ್ರ ಯಾಕೆ ಆರಿಸ್ದೆ ಅಂತ ಕೇಳ್ಬೇಕಾಗುತ್ತೆ. ಕೇಳಿದ್ರೆ ಅಮ್ಮನ ಮುಹೂರ್ತದ ಮಾತು ಬರುತ್ತೆ. ಅಮ್ಮನಿಗೆ ಈ ವಯಸ್ಸಲ್ಲಿ ಅದೆಲ್ಲ ಬೇಕಾ? ಆ ಹುಡುಗಿ ಚಿಕ್ಕವಳು, ಇನ್ನೊಂದು ಕೆಲಸ ಸಿಗುತ್ತೆ."

ಸಿಗಲಿಲ್ಲ. ಆ ಕೆಲಸದ ಜನ ದೇಶದ ಈ ಉತ್ತರ ಸೀಮೆಯಲ್ಲಿ ಎಷ್ಟೆಂದು ಇದ್ದಾರು. ಸುದ್ದಿ ಎಲ್ಲ ಕಡೆ ಮುಟ್ಟಿತ್ತು. ಅವಳೀಗ ಅಕ್ಕನ ಊರಿನಲ್ಲಿ ಮೊಬೈಲ್ ಕವಚ ಮಾರುತ್ತಾಳೆ ಎಂದು ಕೇಳಿದೆ. ಅದನ್ನು ಬೇಕೆಂದೇ ಪ್ರಯೊಂಗನಿಗೆ ಹೇಳಿದೆ. ಅವನಿಗೆ ನಿಜವಾಗಿ ಬೇಸರವಾಯಿತು. ತಲೆ ಅಲ್ಲಾಡಿಸಿದ.

"ಒಳ್ಳೇ ಹುಡುಗಿ, ಪಾಪ," ಎಂದ. "ಆದ್ರೆ ನೋಡಿ ಟೀಚರಮ್ಮ, ಅವಳು ಬಾಯಿ ಬಿಟ್ಟು ಆಮಾಗೆ ನೇರವಾಗಿ ಹೇಳ್ಬೇಕಿತ್ತು. ಹೇಳ್ಬೇಕಾದ್ದನ್ನ ಹೇಳ್ದೆ ಇದ್ರೆ ಹೀಗೇ ಆಗೋದು."